ಹಾಡಿನೊಳಗಿನ ಮೊಳಕೈ

ಜೋಳದ ಹಿಟ್ಟಿಗೆ ಇವತ್ತು ಯಾಕೋ ಜಿಗಿ ಇರಲಿಲ್ಲ. ಬಡಿದಂತೆಲ್ಲ ರೊಟ್ಟಿಯ ಅಂಚು ಒಡೆಯುತ್ತಿತ್ತು. ಒಡೆದಲ್ಲಿ ಬೆರಳಿನಿಂದ ಕೂಡಿಸಿ, ತಿರುವಿ, ಮತ್ತೆ ಬಡಿದು, ಜರೀನಾ ಅದನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಲು ಅರಿವೆಯ ಚೂರನ್ನು ಎತ್ತಿಕೊಂಡಿದ್ದಳು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ಮಗಳು ಸಾನಿಯಾ ಬಂದು ನಿಂತಳು. ಇನ್ನೂ ಹಲ್ಲುಜ್ಜಿರಲಿಲ್ಲ. ಕೈಯಲ್ಲಿ ಅಪ್ಪನ ಮೊಬೈಲ್ ಇತ್ತು.

“ಅಮ್ಮೀ, ಮೊಳಕೈ ತೋರಸು.”

“ಏನು?”

“ಮೊಳಕೈ. ಬಲಗೈದು. ಫೋಟೋ ತಗೋಬೇಕು. ಹಾಲೇಶಪ್ಪ ಸರ್ ಹೇಳ್ಯಾರ.”

ಮನೆಯಲ್ಲಿ ಎಲ್ಲರ ಜೊತೆ ಉರ್ದು ಮಾತಾಡುವ ಸಾನಿಯಾ ಗಂಭೀರ ವಿಷಯಗಳಿಗೆ ಮಾತ್ರ ಶಾಲೆಯ ಕನ್ನಡವನ್ನು ಎತ್ತಿಟ್ಟುಕೊಂಡಿದ್ದಳು. ಹೋದ ಸಲ ಹೀಗೆ ಬೆಳಿಗ್ಗೆ ಬೆಳಿಗ್ಗೆ ಕನ್ನಡ ಬಂದಾಗ ತಲೆಯಲ್ಲಿ ಹೇನಾಗಿದ್ದವು. ಅಂಥ ದಿನ ಮನೆಯವರೆಲ್ಲರೂ ಕನ್ನಡದಲ್ಲೇ ಮಾತಾಡಬೇಕಾಗುತ್ತಿತ್ತು. ಜರೀನಾ ಹಿಟ್ಟು ಮೆತ್ತಿದ ಕೈಯನ್ನು ಮಡಚಿ ಮೊಳಕೈಯನ್ನು ಮಗಳ ಕಡೆ ಮಾಡಿದಳು.

“ಹಿಂಗಲ್ಲ. ಹಾಡಿನ್ಯಾಗ ಇದ್ದಂಗ.”

ಹಾಡಿನಲ್ಲಿದ್ದಂತೆ ಅಂದರೆ ಮೊಳಕೈಯನ್ನು ಮೂಗಿನ ಮಟ್ಟಕ್ಕೆ ಎತ್ತಬೇಕು, ಮುಖ ಅದರ ಹಿಂದೆ ಹೋಗಬೇಕು. ಜರೀನಾ ಎತ್ತಿದಳು. ತನ್ನದೇ ತೋಳಿನ ಸಂದಿನಲ್ಲಿ ಮೂಗಿಟ್ಟು ನಿಂತವಳಿಗೆ ನಿನ್ನೆಯ ಬೆಳ್ಳುಳ್ಳಿಯ ವಾಸನೆ ಬಂತು. ಮೊಬೈಲ್ ಕಟಕ್ಕೆಂದಿತು. ಸಾನಿಯಾ ಫೋಟೋವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮೊಬೈಲ್ ಕೆಳಗಿಳಿಸಿ, ಬೇರೆಯದೇ ದನಿಯಲ್ಲಿ, “ಅಮ್ಮೀ, ಮತ್ತ… ಒಂದು ಕೇಳ್ಲೇನು?” ಅಂದಳು.

ಇದನ್ನು ಒಂದು ದಿನ ಈ ಹುಡುಗಿ ಕೇಳೇ ಕೇಳುತ್ತಾಳೆ ಎಂದು ಜರೀನಾಳಿಗೆ ಗೊತ್ತಿತ್ತು. ಆದರೆ ಬಾಯಿ ತೆರೆಯುವ ಮೊದಲೇ ಪಡಸಾಲೆಯಿಂದ ಅತ್ತೆ ಮುಮ್ತಾಜಬಿ, “ಏನ ಸುಡಾಕತ್ತೀರವಾ ಅಲ್ಲಿ? ರೊಟ್ಟೀನೋ, ಮನೀನೋ?” ಎಂದು ಕೂಗಿದರು. ನೀರು ಕಾಣದ ರೊಟ್ಟಿ ಹಂಚಿನ ಮೇಲೆ ಕರ್ರಗಾಗಿ ಬಿರಿದು ಹೊಗೆಯಾಡುತ್ತಿತ್ತು. ಆ ಹೊಗೆಯಲ್ಲಿ ಸಾನಿಯಾ ಮಾಯವಾದಳು, ಪ್ರಶ್ನೆಯೂ ಅವಳ ಜೊತೆ ಹಲ್ಲುಜ್ಜಲು ಹೋಯಿತು.

ಜರೀನಾ ಹುಡುಗಿಯಾಗಿದ್ದಾಗ ಬ್ಯಾಡಗಿಯಲ್ಲಿ ಕುಣಿದಿದ್ದ ಆ ಸಿನಿಮಾ ಹಾಡು ಅವರ ಮನೆಯಲ್ಲಿ ಬಹಳ ವರ್ಷಗಳಿಂದ ಒಬ್ಬ ನೆಂಟನ ಹಾಗೆ ಬಂದು ಹೋಗಿ ಮಾಡುತ್ತಿತ್ತು. ಗಂಡ ಜಾವೇದ ಬೀಜದ ಕಂಪನಿಯೊಂದರಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ. ಹೆಚ್ಚು ಮಾತಿನ ಮನುಷ್ಯನಲ್ಲ. ಆದರೆ ಮನೆಗೆ ಯಾರೇ ಬರಲಿ, ಚಹಾ ಬಂದ ಕೂಡಲೇ ಅವನ ಕೈ ಜೇಬಿಗೆ ಹೋಗುತ್ತಿತ್ತು. “ತಡೀರಿ, ಕುಂದರ್ರಿ, ಒಂದು ತೋರಿಸ್ತೇನಿ. ಈಗ ಬರತೈತಿ… ಬಂತು ಬಂತು… ಹಾಂ!” ಎಂದು ಹಾಡು ನಿಲ್ಲಿಸಲು ಒತ್ತುತ್ತಿದ್ದ. ಅವನು ಒತ್ತುವಷ್ಟರಲ್ಲಿ ಅದು ಹೋಗಿಬಿಟ್ಟಿರುತ್ತಿತ್ತು. ತೆರೆಯ ಮೇಲೆ ಹೀರೋನ ಬೂಟು ನಿಂತಿರುತ್ತಿತ್ತು, ಇಲ್ಲವೇ ಬರೀ ಮೆಣಸಿನಕಾಯಿ ರಾಶಿ. ಮತ್ತೆ ಹಿಂದೆ, ಮತ್ತೆ ಮುಂದೆ. ಬಂದವರ ಚಹಾ ಆರುತ್ತಿತ್ತು. ಕೊನೆಗೂ ಹೀರೋಯಿನ್ನಿನ ಹಾರುವ ದುಪ್ಪಟ್ಟಾದ ಹಿಂದೆ, ತೆರೆಯ ಎಡ ಅಂಚಿನಲ್ಲಿ, ಒಂದು ಮೊಳಕೈ ಸಿಕ್ಕಿಬೀಳುತ್ತಿತ್ತು. “ಇದ ನೋಡ್ರಿ, ನಮ್ಮ ಮನಿಯಾಕಿ.” ಬಂದವರು ಮೊದಲು ತೆರೆಯ ಮೊಳಕೈ ನೋಡುತ್ತಿದ್ದರು, ಆಮೇಲೆ ಜರೀನಾಳನ್ನು, ಆಮೇಲೆ ಮರ್ಯಾದೆಗಾಗಿ ಜರೀನಾಳ ಮೊಳಕೈಯನ್ನು. ಒಮ್ಮೆ ಕುಪ್ಪೇಲೂರಿನಿಂದ ಬಂದ ದೂರದ ಮಾವನೊಬ್ಬರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಹೌದೌದು, ಅದ ಮಾರಿ” ಅಂದಿದ್ದರು. ಜರೀನಾ ಸೆರಗು ಎಳೆದುಕೊಂಡು ಒಳಗೆ ಹೋಗಿ, ಬೇಕಿಲ್ಲದಿದ್ದರೂ ಪಾತ್ರೆ ತೊಳೆಯುತ್ತಿದ್ದಳು.

ಯಾರಿಗೂ ಹೇಳದ ಮಾತು ಅವಳಲ್ಲಿ ಒಂದಿತ್ತು. ಆ ಮೊಳಕೈ ತನ್ನದೋ ಅಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಸುಳ್ಳು ಹೇಳಿದವಳಲ್ಲ, ಹಾಡು ಮೊದಲ ಸಲ ಟೀವಿಯಲ್ಲಿ ಬಂದಾಗ ಬ್ಯಾಡಗಿಯ ಮನೆಯಲ್ಲಿ ಅಪ್ಪ ಕಾಸೀಮಸಾಬ ಎದ್ದು ನಿಂತು, “ಅದ, ಅದ, ನಮ್ಮ ಜರೀನಾ!” ಎಂದು ಕೂಗಿದ್ದರು. ಮೆಣಸಿನಕಾಯಿ ಮಂಡಿಯಲ್ಲಿ ಚೀಲ ಹೊತ್ತು ಬೆನ್ನು ಬಾಗಿದ ಅಪ್ಪ ಅಷ್ಟು ನೆಟ್ಟಗೆ ನಿಂತದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಅಲ್ಲ ಅನ್ನಲು ಬಾಯಿ ಬರಲಿಲ್ಲ. ಹೌದು ಅನ್ನಲು ಏನಾದರೂ ಗುರುತು ಬೇಕಲ್ಲ! ಮನುಷ್ಯರಿಗೆ ತಮ್ಮ ಮುಖ ಕನ್ನಡಿಯಲ್ಲಿ ಸಿಗುತ್ತದೆ, ಕೈಕಾಲು ಹಾಗೇ ಕಾಣುತ್ತವೆ. ಮೊಳಕೈಯನ್ನು ಯಾರು ಗುರುತಿಟ್ಟುಕೊಳ್ಳುತ್ತಾರೆ? ಹುಟ್ಟಿದಾಗಿನಿಂದ ಜೊತೆಗಿದ್ದೂ ಅದು ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತದೆ. ಇಷ್ಟು ವರ್ಷ ಅದನ್ನು ನೋಡಿ ನೋಡಿ ಅವಳಿಗೆ ಒಮ್ಮೆಯೂ ಒಳಗಿನಿಂದ ‘ಇದು ನಾನು’ ಅನ್ನಿಸಿರಲಿಲ್ಲ.

ಈಗ ಅದಕ್ಕೆ ಇನ್ನೊಬ್ಬ ವಾರಸುದಾರಳು ಹುಟ್ಟಿಕೊಂಡಿದ್ದಳು. ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಹಾಲೇಶಪ್ಪ ಸರ್ ಈ ವರ್ಷ ‘ಸಿನಿಮಾ ಕುಣಿತ ನಡೆದು ಬಂದ ದಾರಿ’ ಎಂದು ದೊಡ್ಡದೊಂದು ಕಾರ್ಯಕ್ರಮ ಹಾಕಿಕೊಂಡಿದ್ದರು. ಮೂಕಿ ಕಾಲದಿಂದ ಇವತ್ತಿನ ತನಕ, ಎಲ್ಲ ನಾಡು, ಎಲ್ಲ ಜನ, ಯಾರನ್ನೂ ಬಿಡದೆ. ಅದರಲ್ಲಿ ಬ್ಯಾಡಗಿಯ ಹಾಡೂ ಸೇರಿದಾಗ ಸಾನಿಯಾ ಎದ್ದು ನಿಂತು ಅದರಲ್ಲಿರುವುದು ನಮ್ಮ ಅಮ್ಮಿಯ ಮೊಳಕೈ ಅಂದಳು. ಹಿಂದಿನ ಬೆಂಚಿನಿಂದ ಹಲಗೇರಿಯ ಪ್ರಿಯಾಂಕಾ ಎದ್ದು, ಅಲ್ಲ, ಅದು ನಮ್ಮವ್ವನ ಮೊಳಕೈ ಅಂದಳು. ಅವಳವ್ವ ಅಂದರೆ ನಾಗಲಕ್ಷ್ಮಿ, ಬ್ಯಾಡಗಿಯಲ್ಲಿ ಜರೀನಾಳ ಓಣಿಯವಳೇ, ಅದೇ ದಿನ ಅದೇ ಸಾಲಿನಲ್ಲಿ ಕುಣಿದವಳು. ಅವತ್ತಿನಿಂದ ಇಬ್ಬರು ಹುಡುಗಿಯರೂ ಮಾತು ಬಿಟ್ಟಿದ್ದರು. ರಬ್ಬರು ಬೇಕಾದರೆ ನಡುವಿನವಳ ಮೂಲಕ ಕೇಳುತ್ತಿದ್ದರು. ಕೊನೆಗೆ ಸರ್ ಇವತ್ತು ಮಧ್ಯಾಹ್ನ ಇಬ್ಬರೂ ತಾಯಂದಿರು ಬರಬೇಕು ಎಂದು ಹೇಳಿ ಕಳಿಸಿದ್ದರು.

ಡಬ್ಬಿ ಕಟ್ಟಿಕೊಂಡು ಹೊರಟ ಜಾವೇದ ಹೊಸ್ತಿಲಲ್ಲಿ ನಿಂತು, ಚಪ್ಪಲಿ ಹಾಕಿಕೊಳ್ಳುತ್ತಾ, ನೆಲ ನೋಡುತ್ತಲೇ ಹೇಳಿದ: “ನೋಡು, ಏನರ ಆಗಲಿ, ಮೊಳಕೈ ಮಾತ್ರ ಬಿಟ್ಟುಕೊಡಬ್ಯಾಡ.”

ಅವನು ಹೋದ ಮೇಲೆ ಜರೀನಾ ಅರ್ಧ ನಿಂಬೆಹಣ್ಣು ತೆಗೆದುಕೊಂಡು ಬಚ್ಚಲಿಗೆ ಹೋದಳು. ಮೊಳಕೈ ಈಗ ಕಪ್ಪಾಗಿ ಒರಟಾಗಿ ಹೋಗಿತ್ತು. ಹಾಡಿನಲ್ಲಿದ್ದದ್ದು ನುಣ್ಣಗೆ ಹೊಳೆಯುತ್ತಿತ್ತು. ನಿಂಬೆಹಣ್ಣನ್ನು ತಿಕ್ಕಿ ತಿಕ್ಕಿ ಬೀಜ ಉದುರಿದವು. ತನ್ನ ಮೊಳಕೈಯನ್ನೇ ಇನ್ನಾರದೋ ಮೊಳಕೈಯ ಹಾಗೆ ಕಾಣಿಸಲು ನಿಂತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಆದರೂ ಕೈ ನಿಲ್ಲಲಿಲ್ಲ. ಹಿಂದಿನಿಂದ ಮುಮ್ತಾಜಬಿ, “ಯಾ ಅಲ್ಲಾ! ಮೊಳಕೈಗೆ ನಿಂಬಿಹಣ್ಣು! ನಿನ್ನ ಮದುವಿ ದಿನ ಮಾರಿಗೂ ಇಷ್ಟು ತಿಕ್ಕಿದ್ದಿಲ್ಲ” ಅಂದರು. ಉಳಿದ ಹೋಳನ್ನು ಕಸಿದುಕೊಂಡು ಹೋಗಿ ಉಪ್ಪಿನಕಾಯಿ ಭರಣಿಗೆ ಹಾಕಿದರು.

ಹಾಡಿನ ಶೂಟಿಂಗಿನ ದಿನ ಬ್ಯಾಡಗಿಯಲ್ಲೂ ಹೀಗೇ ತಿಕ್ಕಿದ್ದರು, ಆದರೆ ನಿಂಬೆಯಲ್ಲ, ಪೌಡರು. ಸಿನಿಮಾದವರು ಹಾವೇರಿಯ ಲಾಡ್ಜಿನಿಂದ ವ್ಯಾನುಗಳಲ್ಲಿ ಬಂದಿಳಿದಿದ್ದರು. ಹಳ್ಳಿ ಹುಡುಗಿಯರು ಬೇಕಂತೆ ಎಂದು ಸುದ್ದಿಯಾಗಿ, ಮಂಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಚಿಕ್ಕಮ್ಮ ಸಕೀನಾಬಿ ಖಾಲಾ, ಹೈಸ್ಕೂಲಿನಲ್ಲಿದ್ದ ಜರೀನಾಳನ್ನೂ ನಾಗಲಕ್ಷ್ಮಿಯನ್ನೂ ಕೈ ಹಿಡಿದು ಎಳೆದುಕೊಂಡು ಹೋದಳು. ಟೋಪಿ ಹಾಕಿದ ಡಾನ್ಸ್ ಮಾಸ್ಟರು ಇವರನ್ನು ಮೇಲಿಂದ ಕೆಳಗೆ ನೋಡಿ, “ಇವರು ಹಳ್ಳಿಯವರ ಥರ ಕಾಣ್ತಾನೇ ಇಲ್ವಲ್ಲ” ಅಂದರು. ನಿಜವಾದ ಹಳ್ಳಿ ಹುಡುಗಿಯರು ಮುಂಬಯಿಯಿಂದ ಬಂದಿದ್ದರು. ಎಲ್ಲರೂ ಬೆಳ್ಳಗೆ, ಒಂದೇ ಎತ್ತರ, ಬಾಯಲ್ಲಿ ಬಬಲ್‌ಗಮ್. ಇವರಿಗೂ ಕನ್ನಡಿ ಹಚ್ಚಿದ ಲಂಗ ಕೊಟ್ಟರು. “ಇದನ್ನ ಯಾ ಊರಾಗ ಉಡ್ತಾರ್ರೀ?” ಎಂದು ಸಕೀನಾಬಿ ಬಟ್ಟೆ ಕೊಡುವವನನ್ನು ಕೇಳಿದಳು. “ಹಳ್ಳಿಯಲ್ಲಮ್ಮ.” “ಯಾ ಹಳ್ಳ್ಯಾಗ?” “ಸಿನಿಮಾ ಹಳ್ಳಿಯಲ್ಲಿ.” ಸಕೀನಾಬಿ, ನಾ ಆ ಹಳ್ಳಿಗೆ ಬರಾಂಗಿಲ್ಲ ಎಂದು ತನ್ನ ಮೆಣಸಿನಕಾಯಿ ರಾಶಿಗೆ ವಾಪಸು ಹೋದಳು. ಜರೀನಾಳ ತೋಳಿನ ತಾವೀಜ ಬಿಚ್ಚಿಸಿದರು, ನಾಗಲಕ್ಷ್ಮಿಯ ಹಣೆಯ ಕುಂಕುಮ ಒರೆಸಿದರು, ಇಬ್ಬರ ಗದ್ದಕ್ಕೂ ಕಾಡಿಗೆಯ ಚುಕ್ಕಿ ಇಟ್ಟರು. ಹೊರಗೆ ಬಂದ ಮೇಲೆ ನಾಗಲಕ್ಷ್ಮಿ ಇವಳನ್ನು ನೋಡಿ, “ಯಾರವಾ ನೀನು? ಯಾರ ಪೈಕಿ?” ಅಂದಳು. ಇಬ್ಬರೂ ನಕ್ಕು ನಕ್ಕು ಕಾಡಿಗೆ ಕೆಡಿಸಿಕೊಂಡು ಬೈಸಿಕೊಂಡರು. ಆಮೇಲೆ ಹಿಂದಿನ ಸಾಲಿಗೆ ಕಳಿಸಿದರು. “ಕೈ ಎತ್ತಿ ಆಡಿಸ್ತಾ ಇರಿ. ಮುಖ ಬೇಡ.”

“ಅಮ್ಮೀ, ಜಗ್ಗಬ್ಯಾಡ, ನೋಯ್ತೈತಿ.”

ಜರೀನಾ ಮಗಳ ಜಡೆ ಹಾಕುತ್ತಿದ್ದಳು. ಎಳೆತ ಜಾಸ್ತಿಯಾಗಿತ್ತು. ಸಡಿಲಿಸಿದಳು. ಸಾನಿಯಾ ಗೋಡೆಯ ಕಡೆ ಮುಖ ಮಾಡಿಕೊಂಡೇ, “ಅಮ್ಮೀ, ನಾ ಮುಂಜಾನಿ ಕೇಳಬೇಕಂದಿದ್ನೆಲ್ಲಾ, ಅದು…” ಅಂದಳು. ಜರೀನಾಳ ಬೆರಳುಗಳು ರಿಬ್ಬನ್ನಿನಲ್ಲಿ ನಿಂತವು. ಆದರೆ ಅಷ್ಟರಲ್ಲಿ ಮುಮ್ತಾಜಬಿಗೆ ಮೊಮ್ಮಗಳ ಚೀಲದಿಂದ ಜರಿಯ ಕರವಸ್ತ್ರ ಇಣುಕುವುದು ಕಂಡಿತು.

“ಇದೇನಿದು?”

“ಖವ್ವಾಲಿದು, ದಾದಿ. ಗ್ಯಾದರಿಂಗಿನ್ಯಾಗ ನಾ ಖವ್ವಾಲಿ. ಕೊಳ್ಳಾಗ ಕಟಗೊಂಡು ಚಪ್ಪಾಳಿ ಹೊಡೀಬೇಕು. ಸಿನಿಮಾದಾಗ ನಮ್ಮ ಮಂದಿ ಅದನ್ನ ಮಾಡೂದಂತ. ಪ್ರಿಯಾಂಕಾ ಮೀನಗಾರ್ತಿ. ಮೆಹಬೂಬ ಉತ್ತರ ಕರ್ನಾಟಕ.”

“ಎಲ್ಲಾರೂ ಉತ್ತರ ಕರ್ನಾಟಕನ ಅಲ್ಲೇನ?”

“ಹಂಗಲ್ಲ ದಾದಿ. ಅವಗ ದೊಡ್ಡ ಮೀಸಿ ಹಚ್ಚತಾರ. ಪಟಕಾ ಸುತ್ತಿ, ರೊಟ್ಟಿ ತಿನಕೋತ ಬಿದ್ದರ, ಎಲ್ಲಾರೂ ನಗಬೇಕು.”

ಮುಮ್ತಾಜಬಿ ಕರವಸ್ತ್ರವನ್ನು ಚಿವುಟಿ ಹಿಡಿದು ನೋಡಿದರು. “ನಮ್ಮ ಮನ್ಯಾಗ ಯಾರು ಖವ್ವಾಲಿ ಹಾಡ್ಯಾರ? ನಿಮ್ಮ ದಾದಾ ಸೈಕಲ್ ಪಂಚರ್ ತಗೀತಿದ್ರು. ಬೇಕಾದ್ರ ಅದನ್ನ ಕುಣೀ ಅನ್ನು ನಿಮ್ಮ ಸರ್‌ಗೆ. ಟ್ಯೂಬ್ ನೀರಾಗ ಮುಳುಗಿಸಿ ಗುಳ್ಳಿ ಹುಡುಕೂದು, ಎಷ್ಟು ಚಂದ ಇರತಿತ್ತು!” ಅವರು ಕುಳಿತಲ್ಲೇ ತೋಳು ಸುತ್ತಿಸಿ ಟ್ಯೂಬ್ ತಿರುಗಿಸಿ ತೋರಿಸಿದರು. ಸಾನಿಯಾ ನಗಲು ಶುರು ಮಾಡಿದಳು. ಬಾಗಿಲಲ್ಲಿ ಶಾಲೆಯ ಆಟೋ ಹಾರ್ನ್ ಹೊಡೆಯಿತು. ಪ್ರಶ್ನೆ ಮತ್ತೆ ಚೀಲಕ್ಕೆ ಹೋಯಿತು.

ಮಧ್ಯಾಹ್ನ ಸ್ಟೇಷನ್ ಕಡೆಯಿಂದ ಆಟೋದಲ್ಲಿ ಹೋಗುವಾಗ ಜರೀನಾ ಉತ್ತರವನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿದಳು. ಖರೇನ ಅದು ನಿಂದೇನಮ್ಮೀ? ಹೂಂ ಬೇಟಾ, ನಂದ. ಖರೇ? ಖರೇ. ಆಟೋ ಗುಂಡಿಗಿಳಿದಾಗಲೆಲ್ಲ ‘ಖರೇ’ ಎರಡು ತುಂಡಾಗುತ್ತಿತ್ತು. ಅಂಗಡಿಯೊಂದರ ಮುಂದೆ ಮದುವೆ ಮೆರವಣಿಗೆ ಸಿಕ್ಕಿಕೊಂಡಿತ್ತು, ಡೀಜೆಯಲ್ಲಿ ಅದೇ ಹಾಡು. ವರನ ಗೆಳೆಯರು ಮೊಳಕೈಯನ್ನು ಮೂಗಿಗೆ ಎತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸವರಿ, ಸೊಂಟ ತಿರುಗಿಸಿ ಕಣ್ಣು ಹೊಡೆಯುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೆ ಅದರ ಪುಡಿಗೆ ಆ ವಿಷಯ ಗೊತ್ತಿಲ್ಲ. ಅವತ್ತು ಶೂಟಿಂಗಿನಲ್ಲಿ ಹೀರೋಯಿನ್ನಿನ ಲಂಗ ಒಂದು ಸುತ್ತು ಬೀಸಿದ್ದೇ ತಡ, ಪುಡಿ ಎದ್ದು ಮುಂಬಯಿಯ ಹಳ್ಳಿ ಹುಡುಗಿಯರೆಲ್ಲ ಸಾಲಾಗಿ ಸೀನಿದರು. ಒಬ್ಬಳ ಬಬಲ್‌ಗಮ್ ಕ್ಯಾಮೆರಾಕ್ಕೆ ಹೋಗಿ ಅಂಟಿತು. ಮೆಣಸಿನಕಾಯಿ ಮುಟ್ಟಿದ ಕೈಯನ್ನು ಮುಖಕ್ಕೆ ತರಬಾರದು ಎಂಬುದನ್ನು ಬ್ಯಾಡಗಿಯ ಕೂಸುಗಳು ನಡೆಯುವ ಮೊದಲೇ ಕಲಿಯುತ್ತವೆ. ಮೂಗು, ಕಣ್ಣು, ಬೆವರು, ಹಾರಿದ ಕೂದಲು, ಎಲ್ಲಕ್ಕೂ ಮೊಳಕೈಯೇ. ಹಿಂದಿನ ಸಾಲು ಯಾರೂ ಹೇಳದೆ ಒಟ್ಟಿಗೆ ಮೊಳಕೈ ಎತ್ತಿ ಮೂಗು ಒರೆಸಿ ಇಳಿಸಿತು. ಮಾಸ್ಟರು ಕಟ್ ಎಂದು ಚೀರಿದವರು, ಟೋಪಿಯೊಳಗೆ ತಲೆ ಕೆರೆದುಕೊಂಡು, “ಅದನ್ನ ಇನ್ನೊಂದ್ಸಲ ಮಾಡಿ” ಅಂದರು. ಮಾಡಿದರು. ಹೀರೋಯಿನ್ನು ನೋಡಿ ಕಲಿತಳು. ಮುಂದಿನ ಸಾಲಿನಲ್ಲಿ ಅದು ಸ್ಟೆಪ್ ಆಯಿತು, ಹಿಂದಿನ ಸಾಲಿನಲ್ಲಿ ಮೂಗು ಒರೆಸುವುದಾಗಿಯೇ ಉಳಿಯಿತು. ಆಟೋದವನು ಹಾರ್ನ್ ಬಿಟ್ಟು ತಾನೂ ಒಮ್ಮೆ ಮೊಳಕೈ ಎತ್ತಿ ಕುಣಿಸಿದ. “ಭಾರಿ ಸ್ಟೆಪ್ ಐತ್ರೀ ಅಕ್ಕಾರ ಇದು,” ಅಂದ. “ಹೌದಪ್ಪ,” ಅಂದಳು ಜರೀನಾ.

ಶಾಲೆಯ ಮೆಟ್ಟಿಲ ಮೇಲೆ ನಾಗಲಕ್ಷ್ಮಿ ಕುಳಿತಿದ್ದಳು. ಮದುವೆಯಾದ ಮೇಲೆ ನೋಡಿರಲಿಲ್ಲ. ಇಬ್ಬರೂ ಬರುವ ದಾರಿಯಲ್ಲಿ ಜಗಳಕ್ಕೆ ತಯಾರಾಗಿ ಬಂದಿದ್ದರು. ಆದರೆ ಕಂಡ ಕೂಡಲೇ ಬಾಯಿಗೆ ಬೇರೆಯದೇ ಬಂತು.

“ಏ ಜರೀನಾ, ಎಷ್ಟು ದಪ್ಪ ಆಗೀದಿಲೇ!”

“ನೀ ಏನು ಕಡ್ಡಿ ಆಗೀಯೇನು? ಮೆಟ್ಟಿಲ ಪೂರಾ ನಿಂದ ಆಗೈತಿ.”

ನಾಗಲಕ್ಷ್ಮಿ ಸರಿದು ಜಾಗ ಕೊಟ್ಟಳು. ಕುಳಿತಾಗ ಜರೀನಾಳಿಗೆ ಅರಿಸಿನದ ವಾಸನೆ ಬಡಿಯಿತು. ನೋಡಿದರೆ ನಾಗಲಕ್ಷ್ಮಿಯ ಬಲ ಮೊಳಕೈ ಹಳದಿಯಾಗಿ ಹೊಳೆಯುತ್ತಿತ್ತು. ನಾಗಲಕ್ಷ್ಮಿಯೂ ಗಾಳಿಯಲ್ಲಿ ಮೂಗಾಡಿಸಿ, ಇವಳ ಮೊಳಕೈ ನೋಡಿ, “ನಿಂಬಿಹಣ್ಣೇನು?” ಅಂದಳು. ಇಬ್ಬರೂ ಮೊಳಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ತರಗತಿಯಲ್ಲಿ ಕಿಟಕಿಗೆಲ್ಲ ಚಾಪೆ ಕಟ್ಟಿ ಕತ್ತಲು ಮಾಡಿದ್ದರು. ಹಾಲೇಶಪ್ಪ ಸರ್ ಒಳ್ಳೆಯ ಮನುಷ್ಯರು, ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಇಟ್ಟು ಬೆವರುತ್ತಿದ್ದರು. ರಿಹರ್ಸಲ್ಲಿಗೆ ಅರ್ಧ ಮೀಸೆ ಹಚ್ಚಿಸಿಕೊಂಡ ಮೆಹಬೂಬ ಬಾಗಿಲು ಕಾಯುತ್ತಿದ್ದ. ಹಾಡು ಶುರುವಾಯಿತು. ಸರ್ ಕೂಡ ಜಾವೇದನ ಹಾಗೆಯೇ ತಡವಾಗಿ ಒತ್ತಿದರು. ಪಂಚೆಯ ಮೇಲೆ ಹೀರೋನ ಬೂಟು ಬಂದು ನಿಂತಿತು. “ಹಿಂದ ಹೋಗ್ರಿ ಸರ್!” “ಮುಂದ ಬಂತ್ರಿ ಸರ್!” ಎಂದು ಮಕ್ಕಳೆಲ್ಲ ದಾರಿ ತೋರಿಸಿ ಕೊನೆಗೆ ಅದನ್ನು ಹಿಡಿದರು. ಎಡ ಅಂಚಿನಲ್ಲಿ, ಪಂಚೆ ಮುಗಿಯುವಲ್ಲಿ, ಕುಂಬಳಕಾಯಿಯಷ್ಟು ದೊಡ್ಡದಾಗಿ ಮೊಳಕೈ ನಿಂತಿತು.

“ಇಬ್ಬರೂ ಬರ್ರಿ. ಇಲ್ಲಿ ಬಾಜೂಕ ನಿಂತು ಕೈ ಎತ್ರಿ,” ಅಂದರು ಸರ್, ಬಹಳ ಸಂಕೋಚದಿಂದ. “ತಪ್ಪ ತಿಳೀಬ್ಯಾಡ್ರಿ. ಹುಡುಗ್ಯಾರು ಊಟಾನೂ ಬ್ಯಾರೆ ಬ್ಯಾರೆ ಮಾಡಾಕತ್ತಾರ.”

ಎತ್ತಿದರು. ಒಂದು ಮೊಳಕೈ ಹಳದಿ, ಒಂದು ನಿಂಬೆಯ ಉರಿಗೆ ಕೆಂಪು. ಮಕ್ಕಳು “ಇವರದು!” “ಅವರದು!” ಎಂದು ಕೂಗಿದರು. ಒಬ್ಬ ಹುಡುಗಿ ಎರಡೂ ಅಲ್ಲ ಅಂದಳು. ಜರೀನಾಳಿಗೆ ಕತ್ತಲಲ್ಲಿ ಸಾನಿಯಾಳ ಮುಖ ಕಾಣುತ್ತಿತ್ತು. ಅದು ಕೂಗುತ್ತಿರಲಿಲ್ಲ, ತೆರೆಯನ್ನೇ ನೋಡುತ್ತಿತ್ತು. ಈ ವಯಸ್ಸಿನಲ್ಲಿ ಕೈ ಎತ್ತಿ ನಿಂತು ತನ್ನದೊಂದು ಎಲುಬನ್ನು ಪಾಸು ಮಾಡಿಸಿಕೊಳ್ಳಬೇಕಾಯಿತಲ್ಲ ಅನ್ನಿಸಿ ಜರೀನಾಳ ಕಿವಿ ಬಿಸಿಯಾಯಿತು.

ಪಕ್ಕದಿಂದ, ತೋಳಿನ ಹಿಂದಿನಿಂದ, ನಾಗಲಕ್ಷ್ಮಿ ಪಿಸುಗುಟ್ಟಿದಳು. “ಜರೀನಾ. ಖರೇ ಹೇಳತೇನಿ. ನನಗ ಗೊತ್ತಿಲ್ಲಲೇ.”

“ಏನು?”

“ನಂದೋ ಅಲ್ಲೋ. ನಮ್ಮತ್ತಿ ಒಂದು ದಿನ ಭಾಳ ಮಾತಾಡಿದ್ಲು. ಸಿಟ್ಟಿಗೆ ನಾನೂ ಸಿನಿಮಾದಾಗ ಇದ್ದಾಕಿ ಅಂದುಬಿಟ್ಟೆ. ಎಲ್ಲಿ ಅದೀ ತೋರಸು ಅಂದ್ಲು. ಆ ಹಾಡಿನ್ಯಾಗ ತೋರಸಾಕ ಮತ್ತೇನೈತಿ ಹೇಳು?”

ಜರೀನಾಳ ಎದೆಯಿಂದ ಏನೋ ಮೇಲೆದ್ದು ಬಂತು, ಅದು ನಗೆಯಾಗಿತ್ತು. “ನನಗೂ ಗೊತ್ತಿಲ್ಲ,” ಅಂದಳು. ಇಬ್ಬರ ಕೈಗಳೂ ಅಲುಗಾಡಿದವು. “ಅಲುಗಾಡಬ್ಯಾಡ್ರೀ,” ಎಂದು ಸರ್ ಬೋರ್ಡಿನ ಡಸ್ಟರ್ ಎತ್ತಿ ಮೇಜಿಗೆ ಬಡಿದರು. ಸೀಮೆಸುಣ್ಣದ ಪುಡಿ ಪ್ರೊಜೆಕ್ಟರಿನ ಬೆಳಕಿನಲ್ಲಿ ಮೋಡವಾಗಿ ಎದ್ದು ಸೀದಾ ಇವರ ಮುಖಕ್ಕೆ ಬಂತು. ಇಬ್ಬರೂ ಒಟ್ಟಿಗೆ ಸೀನಿದರು. ಒಟ್ಟಿಗೆ ಮೊಳಕೈ ಮೂಗಿಗೆ ತಂದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಒರೆಸಿ, ಇಳಿಸಿದರು.

ಸೂರು ಕಿತ್ತುಹೋಗುವ ಹಾಗೆ ತರಗತಿಯೇ ಚೀರಿತು. “ಸ್ಟೆಪ್! ಸ್ಟೆಪ್!” ಎಲ್ಲರೂ ಬೆಂಚು ಹತ್ತಿ ಮೊಳಕೈ ಎತ್ತಿದರು. ಮೀನುಗಾರ್ತಿ, ಲಂಬಾಣಿ, ಕೊಡಗಿನವಳು, ಅರ್ಧ ಮೀಸೆಯ ಮೆಹಬೂಬ, ಎಲ್ಲ ಒಂದೇ ಸಲಕ್ಕೆ ಮೂಗು ಒರೆಸಿದರು. ಸರ್ ಕೂಡ ಮರೆತು ಒಮ್ಮೆ ಒರೆಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಇಬ್ಬರದೂ ಅಂತ ಬರಕೊಳ್ಳೋಣು, ಕುಂದರ್ರಿ, ಯಾರಿಗರ ಏನರ ಕೇಳೂದು ಇದ್ರ ಕೇಳ್ರಿ ಅಂದರು.

ಸಾನಿಯಾ ಎದ್ದು ನಿಂತಳು. ಜರೀನಾ ಆ ತುಟಿಯನ್ನು ನೋಡಿದಳು. ಬೆಳಗಿನಿಂದ ಅಲ್ಲೇ ಕಾಯುತ್ತಿದ್ದ ಪ್ರಶ್ನೆ ಅದು. ಬಾಯಿಪಾಠ ಮಾಡಿದ ‘ಖರೇ’ ಎಲ್ಲಿ ಬಿದ್ದುಹೋಯಿತೋ ಸಿಗಲಿಲ್ಲ. ಸುಳ್ಳು ಹೇಳುವುದಿಲ್ಲ, ಗೊತ್ತಿಲ್ಲ ಬೇಟಾ ಅನ್ನುತ್ತೇನೆ, ಅಷ್ಟೇ, ಎಂದು ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಸಾನಿಯಾ ಬೆಂಚುಗಳ ನಡುವಿನಿಂದ ಬಂದು ಪಂಚೆಯ ಮುಂದೆ ನಿಂತಳು. ಅವಳ ಜಡೆಯ ನೆರಳು ಹೀರೋಯಿನ್ನಿನ ಮುಖದ ಮೇಲೆ ಬಿತ್ತು. ಬೆರಳನ್ನು ಆ ದೊಡ್ಡ ಮೊಳಕೈಯ ಮೇಲೆ ಇಟ್ಟಳು. ಅಲ್ಲಿಂದ ಮೆಲ್ಲಗೆ ತೋಳಿನ ಮೇಲೆ ಸರಿಸುತ್ತಾ ಹೋದಳು. ತೋಳು ಮುಗಿಯಿತು, ಬೆಳಕು ಮುಗಿಯಿತು, ಪಂಚೆಯ ಅಂಚೂ ಮುಗಿಯಿತು. ಆಮೇಲೂ ಬೆರಳು ನಿಲ್ಲಲಿಲ್ಲ. ಬರೀ ಗೋಡೆಯ ಮೇಲೆ, ಸುಣ್ಣ ಉದುರಿದ ಕಡೆ, ಹೆಗಲು ಇರಬೇಕಾದಲ್ಲಿ, ಮುಖ ಇರಬೇಕಾದಲ್ಲಿ ತಡಕಾಡುತ್ತಾ ಹೋಯಿತು. ಕೊನೆಗೆ ಅವಳು ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ಶಾಲೆಯ ಕನ್ನಡದಲ್ಲಿ ಕೇಳಿದಳು:

“ಅಮ್ಮೀ, ಇಲ್ಲಿ ಬರೇ ಮೊಳಕೈ ಐತಿ. ಉಳದ ನೀನು ಎಲ್ಲಿ ಹೋದಿ?”